ಗೇಟಿನ ಬಲ ಕೀಲಿನಲ್ಲಿ

ಮಳೆಗಾಲದಲ್ಲಿ ಕೃಷ್ಣೆಗೆ ಹೊಸ ನೀರು ಬಂತೆಂದರೆ ಸಾಕು, ರಾಯಚೂರು, ಮಕ್ತಲ್, ನಾರಾಯಣಪೇಟೆ, ಗದ್ವಾಲಗಳ ಜನ ಮಕ್ಕಳುಮರಿ ಸಮೇತ ಜೂರಾಲ ಅಣೆಕಟ್ಟಿನತ್ತ ಹೊರಡುತ್ತಾರೆ. ಸಾಲಾಗಿ ನಿಂತ ಅರವತ್ತಕ್ಕೂ ಹೆಚ್ಚು ಉಕ್ಕಿನ ಬಾಗಿಲುಗಳಲ್ಲಿ ಕೆಲವು ಮೇಲೆದ್ದು, ಅಡಿಯಿಂದ ಕೆಂಪು ನೀರು ಭೋರ್ಗರೆಯುವುದನ್ನು ನೋಡುವುದೇ ಒಂದು ಸಂಭ್ರಮ. ನೋಡಿ ದಣಿದ ಮೇಲೆ ದಂಡೆಯ ಅಂಗಡಿಗಳಲ್ಲಿ ಬಿಸಿ ಬಿಸಿ ಹುರಿದ ಮೀನು. ಆ ಬಾಗಿಲುಗಳನ್ನು ನೋಡುವಾಗಲೆಲ್ಲ ನನಗೆ ಒಂದು ವಿಚಾರ ಹೊಳೆಯುತ್ತದೆ. ಅವುಗಳ ದೊಡ್ಡಸ್ತಿಕೆ ನೀರನ್ನು ತಡೆಯುವುದರಲ್ಲಿ ಮಾತ್ರವಿಲ್ಲ, ತೆರೆಯಬೇಕಾದ ಗಳಿಗೆಯಲ್ಲಿ ತೆರೆದುಕೊಳ್ಳುವುದರಲ್ಲಿಯೂ ಇದೆ.

ನಮ್ಮ ಮನೆಗಳ ಗೇಟಿನ ವಿಷಯವೂ ಹೀಗೆಯೇ ಅಲ್ಲವೇ?

ಗಡಿಯ ಆಚೆಯ ಒಂದು ಹಳ್ಳಿಯ ಮಾತು. ಅಲ್ಲಿ ಆಡಳಿತ ತೆಲುಗಿನಲ್ಲಿ ನಡೆದರೂ ಅನೇಕ ಮನೆಗಳಲ್ಲಿ ಮಾತು ಕನ್ನಡವೇ. ಹೊಸ ಮನೆಯ ಆಶೀರ್ವಾದಕ್ಕೆಂದು ಹೋಗಿದ್ದೆ. ಯಜಮಾನರು ನನ್ನನ್ನು ಮೊದಲು ಕರೆದೊಯ್ದದ್ದು ಒಳಗಲ್ಲ, ಗೇಟಿನ ಬಳಿಗೆ. ಆಳೆತ್ತರದ ತಗಡಿನ ಗೇಟು, ಮೇಲೆ ಭರ್ಜಿಯಂಥ ಮೊನೆಗಳು, ನಡುವೆ ಹಿತ್ತಾಳೆ ಬಣ್ಣದ ಸಿಂಹದ ಮುಖ. “ಹ್ಯಾಂಗದ ರಿ ಫಾದರ್?” ಎಂದರು. ಚೆನ್ನಾಗಿದೆ ಎಂದೆ. ಪೂಜೆ, ಊಟ ಮುಗಿದು ಹೊರಡುವಾಗ ಅವರ ವಯಸ್ಸಾದ ತಾಯಿ ಮೆಲ್ಲಗೆ ಹತ್ತಿರ ಬಂದು ಹೇಳಿದರು: “ಗೇಟ್ ಭಾಳ ಚಲೋ ಅದ ಸ್ವಾಮಿ. ಆದ್ರ ನನ್ ಕೈಲಿ ತಗಿಯಾಕ ಆಗಂಗಿಲ್ಲ. ಮಗ ಕೆಲಸಕ್ಕ ಹೋದ ಅಂದ್ರ ಸಂಜಿತನಕ ನಾ ಒಳಗ.”

ಕಳ್ಳನನ್ನು ಹೊರಗಿಡಲು ಮಾಡಿಸಿದ ಗೇಟು ತಾಯಿಯನ್ನು ಒಳಗಿಟ್ಟಿತ್ತು. ಅಂದಿನಿಂದ ಹೊಸ ಮನೆ ಕಟ್ಟುವವರು ಸಿಕ್ಕಾಗಲೆಲ್ಲ ಗೇಟಿನ ಬಗ್ಗೆ ನಾಲ್ಕು ಮಾತು ಹೇಳದೆ ನಾನು ಬಿಡುವುದಿಲ್ಲ. ಅದನ್ನೇ ಇಲ್ಲಿ ಬರೆದಿದ್ದೇನೆ.

ತುಂಗಭದ್ರೆ ಕಲಿಸಿದ ಪಾಠ

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳ ಪೈಕಿ 19ನೆಯದು ಕೊಚ್ಚಿಹೋಯಿತು. ತುಂಬಿದ ಅಣೆಕಟ್ಟಿನ ನೀರು ವ್ಯರ್ಥವಾಗಿ ಹರಿಯುವುದನ್ನು ಕಂಡು ರೈತರು ಮರುಗಿದ್ದು ನಿಮಗೆ ನೆನಪಿರಬಹುದು. ಗೇಟು ಹೋದದ್ದು ಉಕ್ಕಿನ ಹಲಗೆ ಒಡೆದು ಅಲ್ಲ, ಅದನ್ನು ಎತ್ತಿ ಹಿಡಿಯುವ ಚೈನ್ ಕಡಿದು. 2025ರ ಜೂನ್‌ನಲ್ಲಿ ಜೂರಾಲದ ಕೆಲವು ಗೇಟುಗಳ ಉಕ್ಕಿನ ಹಗ್ಗಗಳು ಹಾಳಾದದ್ದೂ ಸುದ್ದಿಯಾಯಿತು.

ಪಾಠ ಸ್ಪಷ್ಟವಾಗಿದೆ. ಗೇಟಿನ ಬಲ ಹಲಗೆಯಲ್ಲಿಲ್ಲ, ಅದನ್ನು ಹಿಡಿದಿರುವ ಕೀಲು, ಕೊಂಡಿ, ಚೈನುಗಳಲ್ಲಿದೆ. ಆದರೆ ನಾವು ವೆಲ್ಡಿಂಗ್ ಅಂಗಡಿಗೆ ಹೋದಾಗ ಏನು ಮಾಡುತ್ತೇವೆ? ಡಿಸೈನ್ ಪುಸ್ತಕ ತಿರುವಿ ಹಾಕುತ್ತೇವೆ, ಹೂಬಳ್ಳಿಯೋ ನವಿಲೋ ಎಂದು ಅರ್ಧ ದಿನ ಚರ್ಚಿಸುತ್ತೇವೆ. ಕೀಲು ಎಷ್ಟು ದಪ್ಪ ಎಂದು ಕೇಳುವವರು ಎಷ್ಟು ಜನ?

ಮೊದಲು ತೂಕ ತಿಳಿಯಿರಿ

ಒಂದು ಚದರ ಮೀಟರ್ ಅಗಲದ, ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಸುಮಾರು 7.85 ಕಿಲೋ ತೂಗುತ್ತದೆ. 12 ಅಡಿ ಅಗಲ, 5 ಅಡಿ ಎತ್ತರದ ಗೇಟಿಗೆ 2 ಮಿಲಿಮೀಟರ್ ತಗಡು ಹೊದಿಸಿದರೆ ತಗಡೊಂದೇ 87 ಕಿಲೋ ದಾಟುತ್ತದೆ. ಚೌಕಟ್ಟು, ಅಡ್ಡಪಟ್ಟಿ, ಅಲಂಕಾರ ಸೇರಿದರೆ ಒಂದು ಕ್ವಿಂಟಲ್‌ಗೂ ಮೇಲೆ. ಮಕ್ಕಳು ಜೋತು ಆಡುವುದು ಈ ಭಾರಕ್ಕೇ ಎಂಬುದು ನೆನಪಿರಲಿ.

ಅನೇಕ ಕಡೆ ಗೇಟಿಗೆ ಕಿಲೋ ಲೆಕ್ಕದಲ್ಲಿ ಹಣ ಕೊಡುತ್ತೇವೆ. ತೂಕ ಹೆಚ್ಚಿದರೆ ಬಿಲ್ಲೂ ಹೆಚ್ಚುತ್ತದೆ, ಭದ್ರತೆ ಹೆಚ್ಚಬೇಕೆಂದೇನೂ ಇಲ್ಲ. ಚೌಕಟ್ಟಿನ ಪೈಪು 2 ಮಿಲಿಮೀಟರ್ ದಪ್ಪವಿರಲಿ, ಒಳಗಿನ ಸರಳುಗಳು ಹಗುರವಾಗಿದ್ದರೂ ನಡೆಯುತ್ತದೆ. ಅಂಗಡಿಯವರು ‘ಗೇಜ್’ ಲೆಕ್ಕ ಹೇಳಿದರೆ ಒಂದು ಎಚ್ಚರ: ಗೇಜ್ ಸಂಖ್ಯೆ ಹೆಚ್ಚಾದಷ್ಟೂ ಲೋಹ ತೆಳ್ಳಗಾಗುತ್ತದೆ. 14 ಗೇಜ್ ಎಂದರೆ ಸುಮಾರು 2 ಮಿಲಿಮೀಟರ್, 16 ಎಂದರೆ 1.6, 18 ಎಂದರೆ 1.2. “ಹದಿನೆಂಟು ಗೇಜ್ ಸಾರ್, ಗಟ್ಟಿ ಮಾಲು” ಎಂದರೆ ಮೋಸ ಹೋಗಬೇಡಿ.

ತೆರೆಯುವ ಗೇಟು, ಜಾರುವ ಗೇಟು

ಎರಡು ರೆಕ್ಕೆಯ ಗೇಟು ಯಾವಾಗಲೂ ಒಳಕ್ಕೆ ತೆರೆಯಬೇಕು. ರಸ್ತೆಗೆ ತೆರೆದರೆ ಸೈಕಲ್ಲಿನ ಮಗುವಿಗೋ ಬೈಕಿನವರಿಗೋ ಬಡಿಯುತ್ತದೆ. ಒಂದೊಂದು ರೆಕ್ಕೆಗೆ ಎರಡಲ್ಲ, ಮೂರು ಕೀಲುಗಳನ್ನು ಹಾಕಿಸಿ. ಕೀಲಿನ ಬದಿಯ ಸಂದಿನಲ್ಲಿ ಪುಟ್ಟ ಬೆರಳು ಸಿಕ್ಕಿದರೆ ಜಜ್ಜಿಹೋಗುತ್ತದೆ, ಆ ಸಂದನ್ನು ರಬ್ಬರ್ ಪಟ್ಟಿಯಿಂದ ಮುಚ್ಚಿಸಿ.

ಜಾಗ ಕಡಿಮೆ ಇರುವವರು ಈಗ ಹಳಿಯ ಮೇಲೆ ಜಾರುವ ಗೇಟು ಹಾಕಿಸುತ್ತಾರೆ. ಅನುಕೂಲವೇನೋ ನಿಜ. ಆದರೆ ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ಕಡೆ ನಡೆದದ್ದನ್ನು ಕೇಳಿ. ಆವರಣದ ಜಾರುಗೇಟನ್ನು ಭಾನುವಾರ ಮಕ್ಕಳೇ ತಳ್ಳಿಕೊಂಡು ಆಡುತ್ತಿದ್ದರು. ಒಂದು ದಿನ ಅವರು ಅತ್ತ ಸರಿದ ಎರಡೇ ನಿಮಿಷಕ್ಕೆ ದೊಡ್ಡವರೊಬ್ಬರು ಜೋರಾಗಿ ತಳ್ಳಿದರು. ಗೇಟು ಹಳಿಯ ಕೊನೆ ದಾಟಿ, ಮೇಲಿನ ಹಿಡಿತದಿಂದ ಹೊರಬಂದು ಧಡಾರನೆ ನೆಲಕ್ಕೆ ಬಿತ್ತು. ಮಕ್ಕಳು ಬಿಟ್ಟುಹೋಗಿದ್ದ ಒಂದು ಜೊತೆ ಚಪ್ಪಲಿ ಅದರಡಿಯಲ್ಲಿತ್ತು. ಆ ಚಪ್ಪಲಿಯನ್ನು ನಾನು ಇಂದಿಗೂ ಮರೆತಿಲ್ಲ. ಹಳಿಯ ತುದಿಗೆ ಬೆಸೆಯಬೇಕಾಗಿದ್ದ ಒಂದು ಗೇಣು ಕಬ್ಬಿಣದ ತುಂಡು, ಅಂದರೆ ‘ಸ್ಟಾಪರ್’, ಅಲ್ಲಿ ಇರಲಿಲ್ಲ. ಮಾಡಿದವರೂ ಮರೆತಿದ್ದರು, ನಾನೂ ನೋಡಿರಲಿಲ್ಲ.

ಆದ್ದರಿಂದ ಜಾರುಗೇಟು ಮಾಡಿಸುವವರು ಮೂರನ್ನು ಕಣ್ಣಾರೆ ನೋಡಿ ಹಣ ಕೊಡಿ. ಹಳಿಯ ಎರಡೂ ತುದಿಗೆ ಗಟ್ಟಿ ಸ್ಟಾಪರ್ ಇದೆಯೇ? ಗೇಟು ವಾಲದಂತೆ ಮೇಲೆ ಹಿಡಿಯುವ ಗಾಲಿಗಳು ಭದ್ರವಾಗಿವೆಯೇ? ಹಳಿಯಲ್ಲಿ ಕಲ್ಲು, ಮಣ್ಣು ತುಂಬದಂತೆ ಗುಡಿಸಲು ಬರುತ್ತದೆಯೇ?

ಯಾವ ಲೋಹ?

ನಮ್ಮ ಕಡೆ ಹೆಚ್ಚು ಬಳಕೆಯಲ್ಲಿರುವುದು ಸಾದಾ ಉಕ್ಕು, ಅಂಗಡಿಯವರ ಮಾತಿನಲ್ಲಿ ಎಂ.ಎಸ್. ಅಗ್ಗ, ಗಟ್ಟಿ, ಮುರಿದರೆ ಊರಲ್ಲೇ ಬೆಸೆಯಬಹುದು. ಇದರ ಶತ್ರು ತುಕ್ಕು. ತುಕ್ಕನ್ನು ಉಜ್ಜಿ ತೆಗೆದು, ರೆಡ್ ಆಕ್ಸೈಡ್ ಪ್ರೈಮರ್ ಬಳಿದು, ಅದು ಒಣಗಿದ ಮೇಲೆ ಎರಡು ಕೈ ಬಣ್ಣ ಹೊಡೆಸಬೇಕು. ಪೈಪಿನ ಬಾಯಿ ತೆರೆದಿದ್ದರೆ ಮಳೆನೀರು ಒಳಗೆ ನಿಂತು ಒಳಗಿಂದಲೇ ತಿನ್ನುತ್ತದೆ, ಮೇಲಿನ ಬಾಯಿಗೆ ಮುಚ್ಚಳ ಬೆಸೆಸಿ.

ಎರಡನೆಯದು ಸತುವಿನ ಲೇಪವಿರುವ ಜಿ.ಐ. ಸುಮಾರು 450 ಡಿಗ್ರಿ ಶಾಖದಲ್ಲಿ ಕರಗಿದ ಸತುವಿನಲ್ಲಿ ಉಕ್ಕನ್ನು ಅದ್ದಿ ತೆಗೆಯುತ್ತಾರೆ. 1837ರಲ್ಲಿ ಫ್ರಾನ್ಸಿನ ಸೊರೆಲ್ ಇದಕ್ಕೆ ಪೇಟೆಂಟ್ ಪಡೆದರು. ಸತುವಿನ ಗುಣ ನೋಡಿ: ತಾನು ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಆದರೆ ಬೆಸುಗೆ ಹಾಕಿದ ಜಾಗದಲ್ಲಿ ಈ ಲೇಪ ಸುಟ್ಟುಹೋಗುತ್ತದೆ, ಅಲ್ಲಿ ಸತುವಿನ ಬಣ್ಣ ಬಳಿಸಲೇಬೇಕು.

ಸ್ಟೀಲ್ ಗೇಟಿನ ಹೊಳಪಿಗೆ ಮನಸೋತವರು ಅದು 304 ದರ್ಜೆಯದೋ 202ರದೋ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. 304ರಲ್ಲಿ ನಿಕ್ಕಲ್ ಸುಮಾರು ಶೇಕಡಾ 8 ಇರುತ್ತದೆ. 202ರಲ್ಲಿ ಅದಕ್ಕಿಂತ ಕಡಿಮೆ, ಬೆಲೆಯೂ ಕಡಿಮೆ, ಹೊರಗಡೆ ತುಕ್ಕಿನ ಚುಕ್ಕೆ ಬೇಗ ಕಾಣುತ್ತದೆ. ಅಯಸ್ಕಾಂತ ಹಿಡಿದು ಇವೆರಡರ ವ್ಯತ್ಯಾಸ ಕಂಡುಹಿಡಿಯಲು ಬರುವುದಿಲ್ಲ. ಅಲ್ಯೂಮಿನಿಯಂ ಉಕ್ಕಿನ ಮೂರನೆಯ ಒಂದು ಪಾಲಷ್ಟೇ ಭಾರ, ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ದುಬಾರಿ, ಆದರೆ ವಯಸ್ಸಾದವರಿರುವ ಮನೆಗೆ ಯೋಚಿಸಬಹುದು.

ಕಂಬ ಗಟ್ಟಿಯಿದ್ದರೆ ಗೇಟು ಗಟ್ಟಿ

ಕೃಷ್ಣೆಯ ಎರಡೂ ದಂಡೆಗಳಲ್ಲಿ ಹತ್ತಿ ಬೆಳೆಯುವ ಎರೆಭೂಮಿ ಬಹಳ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಅದರಲ್ಲಿ ಎರಡಡಿ ಅಗೆದು ನಿಲ್ಲಿಸಿದ ಕಂಬ ಒಂದೆರಡು ಮಳೆಗಾಲಕ್ಕೆ ವಾಲುತ್ತದೆ. ಆಮೇಲೆ ಚಿಲಕ ಕೂಡುವುದಿಲ್ಲ, ಗೇಟು ನೆಲ ಕೆರೆಯುತ್ತದೆ, ನಾವು ಗೇಟು ಮಾಡಿದವರನ್ನು ಬೈಯುತ್ತೇವೆ. ಎರೆಮಣ್ಣು ದಾಟಿ ಗಟ್ಟಿ ನೆಲ ಸಿಗುವ ತನಕ ಅಗೆಸಿ. ಎರಡೂ ಕಂಬಗಳ ಬುಡವನ್ನು ನೆಲದಡಿಯಲ್ಲಿ ಒಂದೇ ಕಾಂಕ್ರೀಟ್ ತೊಲೆಯಿಂದ ಜೋಡಿಸಿದರೆ ವಾಲಿದರೂ ಒಟ್ಟಿಗೆ ನಿಲ್ಲುತ್ತವೆ.

ಬೇಲಿಯೇ ಎದ್ದು ಹೊಲ ಮೇಯ್ದರೆ?

ಹಿಂದೆ ನಮ್ಮ ಹಿತ್ತಲಿಗೆ ಜಾಲಿಮುಳ್ಳಿನ ಬೇಲಿ ಸಾಕಾಗಿತ್ತು. ಆಮೇಲೆ ಮುಳ್ಳುತಂತಿ ಬಂತು. ಅಮೆರಿಕದ ರೈತ ಜೋಸೆಫ್ ಗ್ಲಿಡನ್ 1874ರಲ್ಲಿ ಪೇಟೆಂಟ್ ಪಡೆದ ತಂತಿ ಅದು. ದನ ತಡೆಯಲು ಹುಟ್ಟಿದ್ದು ಇಂದು ಮನೆಯ ಗೋಡೆ ಏರಿದೆ. ಮಕ್ಕಳು ಚೆಂಡು ಹುಡುಕಿ ಹತ್ತುವ ಎತ್ತರದಲ್ಲಿ ಮುಳ್ಳುತಂತಿಯಾಗಲಿ ಭರ್ಜಿಮೊನೆಯಾಗಲಿ ಬೇಡ. ಸರಳುಗಳು ಉದ್ದಕ್ಕೆ ನಿಂತಿರಲಿ, ಅಡ್ಡ ಸರಳು ಮಕ್ಕಳಿಗೂ ಕಳ್ಳನಿಗೂ ಏಣಿಯಾಗುತ್ತದೆ. ಸರಳುಗಳ ನಡುವೆ ನಾಲ್ಕು ಅಂಗುಲಕ್ಕಿಂತ ಕಡಿಮೆ ಸಂದಿರಲಿ, ಮಗುವಿನ ತಲೆ ಸಿಕ್ಕಿಕೊಳ್ಳಬಾರದು.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ವಿದ್ಯುತ್ತಿನದು. ಕಾಡುಹಂದಿ ಬರುತ್ತದೆಂದು, ಕಳ್ಳ ಬರುತ್ತಾನೆಂದು ಮನೆಯ ಕರೆಂಟನ್ನು ನೇರ ತಂತಿಬೇಲಿಗೆ ಕೊಟ್ಟು, ಕೊನೆಗೆ ಸ್ವಂತ ಮನೆಯವರೇ ಸತ್ತ ಸುದ್ದಿಗಳನ್ನು ಗಡಿಯ ಎರಡೂ ಕಡೆ ಓದುತ್ತಿರುತ್ತೇವೆ. ಇದು ಅಪರಾಧ, ಇದರಲ್ಲಿ ಕ್ಷಮೆಯ ಮಾತೇ ಇಲ್ಲ. ಅಂಗಡಿಯಲ್ಲಿ ಸಿಗುವ ಸೋಲಾರ್ ಬೇಲಿಯ ಯಂತ್ರ ಬೇರೆ, ಅದು ಕ್ಷಣಮಾತ್ರದ ಪೆಟ್ಟನ್ನು ಬಿಟ್ಟು ಬಿಟ್ಟು ಕೊಡುತ್ತದೆ. ಗೇಟುಕಂಬದ ದೀಪ, ಕರೆಗಂಟೆಗಳ ತಂತಿ ಸವೆದರೂ ಇಡೀ ಗೇಟಿಗೆ ಕರೆಂಟು ಹರಿಯಬಹುದು. ಗೇಟಿಗೆ ಅರ್ಥಿಂಗ್ ಮಾಡಿಸಿ, ಮನೆಯ ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಕರೆಂಟು ಸೋರಿದ ಕ್ಷಣವೇ ಅದು ಕಡಿದುಹಾಕುತ್ತದೆ.

ಅಂದ ಮತ್ತು ನೆರೆಹೊರೆ

ಗೇಟು ಅಂದವಾಗಿರಬೇಡವೇ? ಇರಲಿ. ಆದರೆ ಪೂರ್ತಿ ತಗಡು ಹೊದಿಸಿದ ಗೇಟು ಮೇ ತಿಂಗಳ ಬಿಸಿಲಿಗೆ ಕಾದ ಹಂಚಾಗುತ್ತದೆ. ಬಿರುಗಾಳಿ ಬೀಸಿದಾಗ ಹಾಯಿಯಂತೆ ಗಾಳಿ ಹಿಡಿದು ಕೀಲು ಕೀಳುತ್ತದೆ. ಇನ್ನೊಂದು ಮಾತು: ಒಮ್ಮೆ ಒಳಗೆ ಹಾರಿದ ಕಳ್ಳನಿಗೆ ಎತ್ತರದ ತಗಡೇ ಮರೆ. ಅವನು ಬೀಗ ಒಡೆಯುವುದು ಬೀದಿಯವರಿಗೆ ಕಾಣುವುದಿಲ್ಲ. ಮೂರಡಿ ಗೋಡೆ, ಅದರ ಮೇಲೆ ಸರಳಿನ ಜಾಲರಿ ಇದ್ದರೆ ಮನೆಗೆ ಗಾಳಿ ಬರುತ್ತದೆ, ಮಲ್ಲಿಗೆ ಬಳ್ಳಿ ಹಬ್ಬಲು ಜಾಗವಾಗುತ್ತದೆ, ಎದುರುಮನೆಯ ಅಕ್ಕನ ಕಣ್ಣೂ ನಮ್ಮ ಅಂಗಳದ ಮೇಲಿರುತ್ತದೆ. ಆ ಕಣ್ಣಿಗಿಂತ ಒಳ್ಳೆಯ ಕಾವಲು ಯಾವ ಅಂಗಡಿಯಲ್ಲಿ ಸಿಕ್ಕೀತು?

ದೊಡ್ಡ ಗೇಟಿನ ಪಕ್ಕದಲ್ಲಿ ಮೂರಡಿಗೆ ಕಡಿಮೆಯಿಲ್ಲದ ಚಿಕ್ಕ ಗೇಟೊಂದಿರಲಿ. ಅದರ ಕೆಳಗೆ ಎಡವುವಂಥ ಅಡ್ಡಪಟ್ಟಿ ಬೇಡ. ದೊಡ್ಡ ಗೇಟು ಆಂಬುಲೆನ್ಸ್ ಒಳಬರುವಷ್ಟು ಅಗಲವಿರಲಿ. ಶವಪೆಟ್ಟಿಗೆಯನ್ನು ಓರೆ ಮಾಡಿ ಹೊರತರಬೇಕಾದ ಗೇಟುಗಳನ್ನು ನಾನು ನೋಡಿದ್ದೇನೆ. ಆ ಹೊತ್ತಿನಲ್ಲಿ ಮನೆಯವರು ಪಡುವ ಸಂಕಟ ಹೇಳತೀರದು.

ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯಿದೆ. ಹಾಗಾಗದಿರಲು ವರ್ಷಕ್ಕೊಮ್ಮೆ, ಮೃಗಶಿರ ಮಳೆಗೆ ಮುನ್ನ, ನಿಮ್ಮ ಗೇಟಿನ ಕೀಲಿಗೆ ಗ್ರೀಸ್ ಹಾಕಿ, ಸ್ಟಾಪರ್ ಅಲುಗಾಡಿಸಿ ನೋಡಿ, ತುಕ್ಕು ಕಂಡಲ್ಲಿ ಉಜ್ಜಿ ಬಣ್ಣ ಬಳಿಯಿರಿ. ಒಂದು ಸಂಜೆಯ ಕೆಲಸ.

ಆ ತಾಯಿಯ ಮನೆಗೆ ಕಳೆದ ವರ್ಷ ಮತ್ತೆ ಹೋಗಿದ್ದೆ. ಸಿಂಹದ ಮುಖ ಇನ್ನೂ ಇತ್ತು. ಆದರೆ ಪಕ್ಕದ ಗೋಡೆ ಒಡೆದು ಒಂದು ಹಗುರವಾದ ಸರಳಿನ ಗೇಟು ಕೂಡಿಸಿದ್ದರು, ಒಂದೇ ಚಿಲಕ, ಕೈಗೆಟಕುವ ಎತ್ತರದಲ್ಲಿ. ನಾನು ಬಂದದ್ದನ್ನು ಸರಳುಗಳ ನಡುವಿನಿಂದಲೇ ಕಂಡ ಅಜ್ಜಿ ಎದ್ದು ಬಂದು ಒಂದೇ ಕೈಯಲ್ಲಿ ಚಿಲಕ ಸರಿಸಿದರು. “ಬರ್ರಿ ಸ್ವಾಮಿ, ಒಳಗ ಬರ್ರಿ” ಎಂದರು.