ಅಟ್ಟದ ಹಲಗೆಗೆ ಎಣ್ಣೆಯೋ, ವಾರ್ನಿಶ್ಶೋ?

ಅಣಶಿಯಂಥ ಮಳೆಯೂರಿನಲ್ಲಿ ಅಟ್ಟದ ಸಾಗವಾನಿ ಹಲಗೆಗೆ ಏನು ಹಚ್ಚಬೇಕು? ಹೊಳಪಿನ ಆಸೆಗೆ ಹಲವರು ವಾರ್ನಿಶ್ ತರುತ್ತಾರೆ. ಅದು ಮರದ ಮೇಲೆ ಪದರವಾಗಿ ಕೂರುತ್ತದೆ. ಒಳಗೆ ತೇವವಿದ್ದರೆ ಪದರ ಉಬ್ಬಿ ಏಳುತ್ತದೆ. ನಮ್ಮ ಚಾಚಾ ಜುಲೈನಲ್ಲಿ ಹಚ್ಚಿ, ಡಿಸೆಂಬರಿನಲ್ಲಿ ಕೆರೆದು ತೆಗೆದರು. ಕೂಲಿ ಎರಡು ಸಲ!

ಅಗಸೆ ಎಣ್ಣೆ ಮರದೊಳಗೆ ಇಳಿಯುತ್ತದೆ. ನೀರು ತಡೆಯುವುದರಲ್ಲಿ ವಾರ್ನಿಶ್‌ಗಿಂತ ಕಡಿಮೆಯೇ, ಆದರೆ ಸವೆದ ಜಾಗಕ್ಕಷ್ಟೇ ಮತ್ತೆ ಸವರಬಹುದು. ಹಲಗೆ ಚೆನ್ನಾಗಿ ಒಣಗಿದ ಮೇಲೆ, ಜನವರಿ–ಫೆಬ್ರವರಿಯಲ್ಲಿ, ಮರದ ಎಳೆಯ ದಿಕ್ಕಿಗೇ ಪಾಲಿಶ್ ಪೇಪರ್ ಉಜ್ಜಿ, ದೂಳು ತೆಗೆದು, ತೆಳ್ಳಗೆ ಹಚ್ಚಬೇಕು. ಅರ್ಧ ಗಂಟೆಯ ನಂತರ ಉಳಿದ ಎಣ್ಣೆ ಒರೆಸದಿದ್ದರೆ ಅಂಟಂಟಾಗುತ್ತದೆ.

ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ. ಕಡ್ಡಿ ಗೀರದೆಯೂ ಬಟ್ಟೆ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಮನೆಯ ಹೊರಗೆ ಬಿಡಿಸಿ ಹರವಿ.