ಅಂತರಜಾಲ: ಉಗಮ, ಬೆಳವಣಿಗೆ ಹಾಗೂ ಅರ್ಜಿದಾರರು ತಿಳಿಯಬೇಕಾದ ಅಂಶಗಳು

ಸರ್ಕಾರಿ ಸೇವೆಗಳಿಗಾಗಿ ಅಂತರಜಾಲದ ಮೂಲಕ ಅರ್ಜಿ ಸಲ್ಲಿಸುವ ನಾಗರಿಕರ ತಿಳಿವಳಿಕೆಗಾಗಿ ಈ ವ್ಯವಸ್ಥೆಯು ಬೆಳೆದುಬಂದ ಬಗೆಯನ್ನು ಇಲ್ಲಿ ಸಂಕ್ಷಿಪ್ತವಾಗಿ ವಿವರಿಸಲಾಗಿದೆ.

ಉಗಮ

ಅಮೆರಿಕದ ರಕ್ಷಣಾ ಇಲಾಖೆಯ ನೆರವಿನಿಂದ ನಿರ್ಮಾಣಗೊಂಡ ‘ಅರ್ಪಾನೆಟ್’ ಅಂತರಜಾಲಕ್ಕೆ ಮೂಲವಾಗಿದೆ. 1969ರ ಅಕ್ಟೋಬರ್ 29ರಂದು ಲಾಸ್ ಏಂಜಲಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಗಣಕಯಂತ್ರಕ್ಕೆ ‘ಲಾಗಿನ್’ ಎಂಬ ಪದವನ್ನು ಕಳುಹಿಸಲು ಪ್ರಯತ್ನಿಸಲಾಯಿತು. ಐದು ಇಂಗ್ಲಿಷ್ ಅಕ್ಷರಗಳ ಪೈಕಿ ಎರಡು ತಲುಪುವಷ್ಟರಲ್ಲಿ ವ್ಯವಸ್ಥೆಯು ಸ್ಥಗಿತಗೊಂಡಿತು. ಸುಮಾರು ಒಂದು ಗಂಟೆಯ ನಂತರ ಸಂಪರ್ಕವು ಸಾಧ್ಯವಾಯಿತು.

ಕಾರ್ಯವಿಧಾನ

ಅಂತರಜಾಲದಲ್ಲಿ ಮಾಹಿತಿಯನ್ನು ಸಣ್ಣ ಭಾಗಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ತಲುಪಬೇಕಾದ ವಿಳಾಸವನ್ನು ಸೇರಿಸಿ ಕಳುಹಿಸಲಾಗುತ್ತದೆ. ಇವು ಬೇರೆ ಬೇರೆ ಮಾರ್ಗಗಳಲ್ಲಿ ಸಾಗಿಯೂ ಕೊನೆಯಲ್ಲಿ ಒಂದುಗೂಡುತ್ತವೆ. ಇದಕ್ಕೆ ಅಗತ್ಯವಾದ ನಿಯಮಾವಳಿಯನ್ನು ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ಅವರು 1974ರಲ್ಲಿ ಪ್ರಕಟಿಸಿದರು. ಇದರನ್ವಯ, ಮಾಹಿತಿಯನ್ನು ಪಡೆದ ಗಣಕಯಂತ್ರವು ಸ್ವೀಕೃತಿಯನ್ನು ಹಿಂದಿರುಗಿಸುತ್ತದೆ. ಸ್ವೀಕೃತಿ ಬಾರದಿದ್ದಲ್ಲಿ ಆ ಭಾಗವನ್ನು ಪುನಃ ಕಳುಹಿಸಲಾಗುತ್ತದೆ. 1983ರ ಜನವರಿ 1ರಂದು ಅರ್ಪಾನೆಟ್ ಈ ಪದ್ಧತಿಗೆ ಬದಲಾಯಿತು.

ಬೆಳವಣಿಗೆ

ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಜಿನೀವಾ ಸಮೀಪದ ಸರ್ನ್ ಸಂಸ್ಥೆಯಲ್ಲಿ ವಿಶ್ವವ್ಯಾಪಿ ಜಾಲದ ಪ್ರಸ್ತಾವನೆಯನ್ನು ಮಂಡಿಸಿದರು. 1993ರ ಏಪ್ರಿಲ್‌ನಲ್ಲಿ ಸರ್ನ್ ಇದನ್ನು ಯಾವುದೇ ಶುಲ್ಕವಿಲ್ಲದೆ ಸಾರ್ವಜನಿಕರಿಗೆ ಮುಕ್ತಗೊಳಿಸಿತು. ಭಾರತದಲ್ಲಿ ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಸಾರ್ವಜನಿಕ ಅಂತರಜಾಲ ಸೇವೆಯನ್ನು ಆರಂಭಿಸಿತು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಶಿಷ್ಟತೆಯ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆತದ್ದು ಮುಂದೆ ಜಾಲದಲ್ಲಿ ಕನ್ನಡದ ಬಳಕೆಗೆ ಆಧಾರವಾಯಿತು.

2005ರಲ್ಲಿ ವಿಶ್ವದಾದ್ಯಂತ ಬಳಕೆದಾರರ ಸಂಖ್ಯೆ ಸುಮಾರು 100 ಕೋಟಿಯಷ್ಟಿತ್ತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಇದು 550 ಕೋಟಿಗೆ ಏರಿತ್ತು. ಸುಮಾರು 260 ಕೋಟಿ ಜನರು ಆಗಲೂ ಇದರಿಂದ ಹೊರಗುಳಿದಿದ್ದರು.

ಅರ್ಜಿದಾರರ ಗಮನಕ್ಕೆ

ಸಂಪರ್ಕವು ನಡುವೆ ಕಡಿದುಹೋಗುವ ಸಾಧ್ಯತೆ ಇಂದಿಗೂ ಇದೆ. ಗಣಕಯಂತ್ರಗಳು ತಮ್ಮೊಳಗೆ ಸ್ವೀಕೃತಿಯನ್ನು ವಿನಿಮಯ ಮಾಡಿಕೊಳ್ಳುವಂತೆ, ಅರ್ಜಿದಾರರೂ ತಮ್ಮ ಅರ್ಜಿಗೆ ಸ್ವೀಕೃತಿಯನ್ನು ಪಡೆಯುವುದು ಅವಶ್ಯಕ.

• ತೆರೆಯ ಮೇಲೆ ಸ್ವೀಕೃತಿ ಸಂಖ್ಯೆ ಕಾಣಿಸುವವರೆಗೆ ಅರ್ಜಿ ಸಲ್ಲಿಕೆಯಾಗಿದೆಯೆಂದು ಭಾವಿಸಬಾರದು.
• ಶುಲ್ಕ ಪಾವತಿಯ ವೇಳೆ ಸಂಪರ್ಕ ಕಡಿದುಹೋದಲ್ಲಿ, ಮತ್ತೆ ಪಾವತಿಸುವ ಮುನ್ನ ಹಿಂದಿನ ಪಾವತಿಯ ಸ್ಥಿತಿಯನ್ನು ಪರಿಶೀಲಿಸತಕ್ಕದ್ದು.
• ಸಕಾಲ ವ್ಯಾಪ್ತಿಯ ಸೇವೆಗಳಲ್ಲಿ ಅರ್ಜಿಯ ಸ್ಥಿತಿಯನ್ನು ತಿಳಿಯಲು ಮತ್ತು ನಿಗದಿತ ಅವಧಿ ಮೀರಿದಲ್ಲಿ ಮೇಲ್ಮನವಿ ಸಲ್ಲಿಸಲು ಈ ಸಂಖ್ಯೆಯೇ ಆಧಾರವಾಗಿರುತ್ತದೆ.
• ಅಂತರಜಾಲ ಸೌಲಭ್ಯವಿಲ್ಲದವರು ಗ್ರಾಮ ಒನ್, ಕರ್ನಾಟಕ ಒನ್ ಮುಂತಾದ ಸೇವಾ ಕೇಂದ್ರಗಳ ನೆರವನ್ನು ಪಡೆಯಬಹುದು. ಅಲ್ಲಿಯೂ ಸ್ವೀಕೃತಿ ಪತ್ರವನ್ನು ಕೇಳಿ ಪಡೆದು, ಸೇವೆ ದೊರೆಯುವವರೆಗೆ ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು.