ಬೇಟೆನಾಯಿಗಳಿಗೆ ಬಂದ ಕಾಲಾ ಆಜಾರ್

ಕೀಟದಿಂದ ಹರಡುವ ರೋಗವಾದರೆ ಆ ಕೀಟವನ್ನು ನಾಶಮಾಡಿದರೆ ಸಾಕು, ರೋಗವೂ ತೊಲಗುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಈ ಭಾವನೆಯನ್ನು ಅಲುಗಿಸಿದ ಪ್ರಸಂಗವೊಂದು 1999ರಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ ನಡೆಯಿತು.

ಅಲ್ಲಿನ ಬೇಟೆಗಾರರ ಸಂಘವೊಂದು ಸಾಕಿದ್ದ ನರಿಬೇಟೆಯ ನಾಯಿಗಳು ಒಂದರ ಹಿಂದೊಂದು ಕಾಯಿಲೆ ಬಿದ್ದವು. ಮೈ ಸೊರಗಿತು, ಕಾಲು ಊದಿತು, ರಕ್ತಸ್ರಾವವಾಯಿತು, ಹಲವು ಸತ್ತವು. ಪರೀಕ್ಷಿಸಲಾಗಿ ಅವುಗಳ ದೇಹದಲ್ಲಿ ಲೀಷ್ಮೇನಿಯಾ ಎಂಬ ಪರೋಪಜೀವಿಯು ದೊರೆಯಿತು.

ಈ ಹೆಸರಿಗೂ ನಮ್ಮ ದೇಶಕ್ಕೂ ಹಳೆಯ ನಂಟುಂಟು. ಡಮ್‌ಡಮ್‌ನಲ್ಲಿದ್ದು ಹಿಂದಿರುಗಿ ಮಡಿದ ಸೈನಿಕನೊಬ್ಬನ ಗುಲ್ಮದಲ್ಲಿ ತಾವು ಕಂಡ ಜೀವಾಣುವಿನ ವಿಷಯವನ್ನು ವಿಲಿಯಂ ಲೀಷ್ಮನ್ನರು 1903ರಲ್ಲಿ ಪ್ರಕಟಿಸಿದರು. ಅದೇ ವರ್ಷ ಮದರಾಸಿನಲ್ಲಿ ಚಾರ್ಲ್ಸ್ ಡೊನೊವನ್ನರೂ ಅದನ್ನು ಕಂಡರು. ಬಿಹಾರದ ಹಳ್ಳಿಗಳನ್ನು ಕಾಡಿದ ಕಾಲಾ ಆಜಾರಿಗೆ ಮೂಲವಾದುದು ಅದೇ. ಬೇಟೆನಾಯಿಗಳಲ್ಲಿ ಸಿಕ್ಕಿದ್ದು ಅದರ ಹತ್ತಿರದ ದಾಯಾದಿ.

ಈ ರೋಗವನ್ನು ಒಯ್ಯುವುದು ಮರಳುನೊಣ. ಸೊಳ್ಳೆಗಿಂತಲೂ ಚಿಕ್ಕದಾದ ಇದು ಸದ್ದಿಲ್ಲದೆ ಬಂದು ಕಚ್ಚುತ್ತದೆ. ರೋಗಿಯ ರಕ್ತ ಹೀರಿದ ಹೆಣ್ಣುನೊಣದ ಹೊಟ್ಟೆಯಲ್ಲಿ ಪರೋಪಜೀವಿಯು ಬೆಳೆದು, ಮತ್ತೊಮ್ಮೆ ಕಚ್ಚಿದಾಗ ಹೊಸ ದೇಹವನ್ನು ಸೇರುತ್ತದೆ. ಮೆಡಿಟರೇನಿಯನ್ ತೀರದ ನಾಯಿಗಳಿಗೆ ರೋಗ ತಗಲುವುದು ಮುಖ್ಯವಾಗಿ ಹೀಗೆಯೇ.

ಅಮೆರಿಕದಲ್ಲಿಯೂ ಹಾಗೆಯೇ ಆಯಿತೇ ಎಂದು ತಿಳಿಯಲು 12,000ಕ್ಕೂ ಮಿಕ್ಕಿ ಬೇಟೆನಾಯಿಗಳೇ ಮೊದಲಾದ ಪ್ರಾಣಿಗಳ ರಕ್ತವನ್ನು ಪರೀಕ್ಷಿಸಿದರು. 18 ಸಂಸ್ಥಾನಗಳಲ್ಲಿ ಹಾಗೂ ಕೆನಡಾದ 2 ಪ್ರಾಂತಗಳಲ್ಲಿ ಸೋಂಕು ಕಂಡಿತು. ಪರೀಕ್ಷೆಗೊಳಪಟ್ಟ 185 ಮಂದಿ ಮನುಷ್ಯರಲ್ಲಿ ಒಬ್ಬರಿಗೂ ಅದು ಇರಲಿಲ್ಲ. ನೊಣವೇ ಹರಡಿದ್ದರೆ ಅದು ಬೇಟೆನಾಯಿಯನ್ನೇ ಆರಿಸಿ ಕಚ್ಚುತ್ತಿತ್ತೇ? ತಾಯಿಯ ಗರ್ಭದಲ್ಲಿಯೇ ಸೋಂಕು ಮರಿಗೆ ದಾಟುತ್ತದೆಂಬುದು ಮುಂದಿನ ಸಂಶೋಧನೆಗಳಿಂದ ಸ್ಪಷ್ಟವಾಯಿತು. ಒಳ್ಳೆಯ ತಳಿಯೆಂದು ಮರಿಗಳನ್ನು ಒಂದು ಸಂಘದಿಂದ ಇನ್ನೊಂದಕ್ಕೆ ಕೊಟ್ಟಾಗ, ಕಾಯಿಲೆಯೂ ಕಾಣದಂತೆ ಜೊತೆಯಲ್ಲಿ ಹೋಗಬಲ್ಲುದು. ಏಕೆಂದರೆ ಸೋಂಕಿದ ನಾಯಿ ವರ್ಷಗಟ್ಟಲೆ ಆರೋಗ್ಯದಿಂದಿರುವಂತೆಯೇ ತೋರಬಹುದು.

ಆದುದರಿಂದ ಅಲ್ಲಿ ನೊಣಕ್ಕೆ ಔಷಧ ಸಿಂಪಡಿಸಿದರೆ ಸಾಲದು; ರಕ್ತ ಪರೀಕ್ಷಿಸಿ, ಸೋಂಕಿದ ಹೆಣ್ಣುನಾಯಿಯಿಂದ ಮರಿ ಪಡೆಯದಿರುವುದೇ ದಾರಿ.

ಇದನ್ನೋದಿ ನಮ್ಮ ಹೋಟೆಲಿನ ಹಿತ್ತಿಲಿಗೆ ಬರುವ ನಾಯಿಯನ್ನು ಯಾರೂ ಕಾಲಾ ಆಜಾರಿನ ಭಯದಿಂದ ಅಟ್ಟಬೇಕಾಗಿಲ್ಲ. ನಮ್ಮ ದೇಶದಲ್ಲಿ ಆ ರೋಗದ ಬೀಡು ಮನುಷ್ಯನೇ. ನೊಣವು ಅದನ್ನು ಮನುಷ್ಯನಿಂದ ಮನುಷ್ಯನಿಗೆ ಒಯ್ಯುತ್ತದೆ. ಬಿಹಾರದ ಕಡೆಯಿಂದ ಬಂದು ನಮ್ಮೊಡನೆ ದುಡಿಯುವ ಗೆಳೆಯನಿಗೆ ಎರಡು ವಾರ ಮೀರಿಯೂ ಜ್ವರ ಬಿಡದೆ, ಗುಲ್ಮ ಊದಿ ಹೊಟ್ಟೆ ಉಬ್ಬಿದರೆ, ಅವನನ್ನು ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯುವುದು ನಮ್ಮ ಕರ್ತವ್ಯ.